ಪರಿಮಳಾ ಟೀಚರ ನಾಲ್ಕು ಹಲ್ಲು

ಇಸಳೂರಿನ ಪರಿಮಳಾ ಒಂದನೇ ತರಗತಿಯ ಟೀಚರು. ಹದಿನಾಲ್ಕು ವರ್ಷದಿಂದ ಅದೇ ತರಗತಿ. ಒಂದನೇ ತರಗತಿ ಎಂದರೆ ಹಲ್ಲು ಬೀಳುವ ತರಗತಿ. ಜೂನಿನಲ್ಲಿ ಬೊಚ್ಚುಬಾಯಿ ತೋರಿಸಿದ ಮಗು ದೀಪಾವಳಿ ರಜೆ ಮುಗಿಸಿ ಬರುವಾಗ ಅದೇ ಜಾಗದಲ್ಲಿ ಹೊಸ ಹಲ್ಲು ಇಟ್ಟುಕೊಂಡು ಬರುತ್ತದೆ. "ಟೀಚರ್, ಬಂತು ನೋಡಿ!" ಪರಿಮಳಾ ಬಗ್ಗಿ ನೋಡುತ್ತಾಳೆ, ಬೆನ್ನು ತಟ್ಟುತ್ತಾಳೆ, ತುಟಿ ಬಿಗಿದುಕೊಂಡೇ ನಗುತ್ತಾಳೆ. ಅಷ್ಟರಲ್ಲಿ ಅವಳ ನಾಲಿಗೆ ಹೋಗಿ, ಬಾಯೊಳಗಿನ ನಾಲ್ಕು ಸಂದಿಗಳನ್ನು ಒಂದೊಂದಾಗಿ ಮುಟ್ಟಿ ಬಂದಿರುತ್ತದೆ.

ಆ ಸಂದಿಗಳ ಕತೆ ಮತ್ತಿಘಟ್ಟದ್ದು, ಅವಳ ತವರಿನದು. ಹುಡುಗಿಗೆ ಸಣ್ಣ ದವಡೆ, ದೊಡ್ಡ ಹಲ್ಲು. ಸಂತೆಯ ದಿನ ಟೆಂಪೋದಲ್ಲಿ ಜನ ನಿಂತ ಹಾಗೆ ಒಂದರ ಹೆಗಲ ಮೇಲೆ ಇನ್ನೊಂದು. ಹದಿಮೂರರಲ್ಲಿ ಅಪ್ಪ ಹುಬ್ಬಳ್ಳಿಗೆ ಕರೆದುಕೊಂಡು ಹೋದ. ಜಾಗ ಸಾಲದು, ನಾಲ್ಕು ತೆಗೆಯಬೇಕು ಎಂದರು ಡಾಕ್ಟರು. ಆ ಬಾಯಿಗೆ ಅದೇ ಸರಿಯಿತ್ತೋ ಏನೋ, ಯಾರು ಹೇಳಬೇಕು? ಹುಳುಕಿಲ್ಲದ, ನೋವಿಲ್ಲದ ನಾಲ್ಕು ಹಲ್ಲು ಹತ್ತಿಯಲ್ಲಿ ಸುತ್ತಿಕೊಂಡು ಕೈಗೆ ಬಂದವು. ಆಮೇಲೆ ತಂತಿ ಕಟ್ಟಿದರು. ಐದು ತಿಂಗಳಾಗುವಷ್ಟರಲ್ಲಿ ಅಪ್ಪ ಜಾರಿ ಬಿದ್ದು ಸೊಂಟ ಮುರಿದುಕೊಂಡ. ತಿಂಗಳು ತಿಂಗಳು ಹುಬ್ಬಳ್ಳಿಗೆ ಕರೆದೊಯ್ಯುವವರಿಲ್ಲದೆ ತಂತಿ ಬಿಚ್ಚಿಸಿದ್ದಾಯಿತು. ಹಲ್ಲು ಹೋದವು, ಮುಚ್ಚಬೇಕಾಗಿದ್ದ ಸಂದಿ ಹಾಗೇ ಉಳಿದವು.

ಹಲ್ಲು ಕಿತ್ತ ದಿನ ಮೊಮ್ಮಗಳ ಅಳು ನೋಡಲಾರದೆ ಅಜ್ಜಿ ಆ ನಾಲ್ಕನ್ನೂ ಸಗಣಿ ಉಂಡೆಯೊಳಗಿಟ್ಟು, ಹಾಲುಹಲ್ಲಿಗೆ ಮಾಡುವ ಹಾಗೆಯೇ ಮಾಡಿನ ಮೇಲೆ ಎಸೆದಳು.

"ಅಳಡ ತಂಗಿ. ಹಳೇದು ಕೊಟ್ಟಾತು, ಇನ್ನು ಹೊಸದು ಬತ್ತು."

ಎರಡನೇ ಸಲ ಬಿದ್ದದ್ದು ಮತ್ತೆ ಹುಟ್ಟುವುದಿಲ್ಲವೆಂದು ವಿಜ್ಞಾನದ ಪಾಠದಲ್ಲಿತ್ತು. ಪರಿಮಳಾ ಅದನ್ನು ಬರೆದು ಪೂರ್ತಿ ಅಂಕವನ್ನೂ ತೆಗೆದುಕೊಂಡಿದ್ದಳು. ಆದರೂ ಕಾದಳು. ಊಟವಾದ ಮೇಲೆ ನಾಲಿಗೆಗೆ ಏನಾದರೂ ಒರಟಾಗಿ ತಾಗಿದರೆ ಕನ್ನಡಿಗೆ ಓಡುವಳು. ನೋಡಿದರೆ ಅನ್ನದ ಅಗುಳು.

ಮಗಳು ಸಮೃದ್ಧಿಗೆ ಹನ್ನೊಂದು ತುಂಬಿದಾಗ ಅವಳ ಬಾಯಲ್ಲೂ ಅದೇ ನೂಕುನುಗ್ಗಲು. ಶಿರಸಿಯ ಹಲ್ಲಿನ ಡಾಕ್ಟರು ಉಲ್ಲಾಸ, ಹಾವೇರಿ ಕಡೆಯವರು. ಪರಿಮಳಾ ಬಾಗಿಲಲ್ಲೇ ಕೇಳಿದಳು, "ತೆಗೀಬೇಕಾ?"

"ಮೊದಲ ಒಳಗ ಬರ್ರಿ, ಟೀಚರ್ರ." ಅವರು ನೋಡಿ ಹೇಳಿದರು, "ಹಿಂದಿನ ಹಾಲುಹಲ್ಲು ಇನ್ನೂ ಬಿದ್ದಿಲ್ಲ. ಅವು ಅಗಲ, ಅವುಗಳ ಜಾಗಕ್ಕ ಬರೋವು ಸಣ್ಣವು. ಉಳಿಯೋ ಜಾಗಾ ದವಡಿಹಲ್ಲು ಮುಂದ ಬಂದು ನುಂಗದಂಗ ಒಂದು ತಂತಿ ಅಡ್ಡ ಇಡೂಣು. ಮ್ಯಾಲಿನ ದವಡಿ ಒಂಚೂರು ಅಗಲ ಮಾಡೂಣು. ವರ್ಷ ಬಿಟ್ಟು ಅಳದು ನೋಡೂಣು. ಸಾಲಲಿಲ್ಲಂದ್ರ ಆವಾಗ ತೆಗಿಯೂ ಮಾತು."

ದವಡೆ ಅಗಲಿಸಲು ಅಂಗುಳಕ್ಕೆ ಕೂರಿಸಿದ ಸಾಧನಕ್ಕೊಂದು ಪುಟ್ಟ ಕೀ. ಡಾಕ್ಟರು ಹೇಳಿದಷ್ಟು ದಿನ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಪರಿಮಳಾ ಅದನ್ನು ಕಾಲು ಸುತ್ತು ತಿರುಗಿಸುವಳು.

"ಆಯಿ, ನಿಧಾನ! ಇದೆಂತ ಬಾವಿ ರಾಟೆಯಾ?"

"ಮಾತಾಡಡ ಮಾರಾಯ್ತಿ, ನೀ ಕೀ ನುಂಗಿಬಿಡ್ತೆ."

ವರ್ಷ ಕಳೆಯಿತು. ಕೊನೆಯ ಹಾಲುಹಲ್ಲೂ ಬಿತ್ತು. ಅಳೆಯುವ ದಿನ ಪರಿಮಳಾ ಶಾಲೆಗೆ ರಜೆ ಹಾಕಿದಳು. ಡಾಕ್ಟರು ಮಗಳ ಹಲ್ಲಿನ ಅಚ್ಚು ಮೇಜಿನ ಮೇಲಿಟ್ಟುಕೊಂಡು ಒಂದೊಂದೇ ಹಲ್ಲಿನ ಅಗಲ ಬರೆದರು, ಕೂಡಿಸಿದರು, ಇನ್ನೊಮ್ಮೆ ಅಳೆದರು. ಪರಿಮಳಾ ಮಗಳ ಕೈ ಹಿಡಿದದ್ದು ಎಷ್ಟು ಬಿಗಿಯೆಂದರೆ, "ಆಯಿ, ಬಳೆ ಒತ್ತತ್ತು" ಎಂದಳು ಸಮೃದ್ಧಿ.

"ಸಾಲ್ತದ್ರಿ. ಇಪ್ಪತ್ತೆಂಟಕ್ಕೂ ಜಾಗಾ ಅದ. ಎಲ್ಲಾರಿಗೂ ಹಿಂಗ ಆಗೂದಿಲ್ಲ, ನಿಮ್ಮ ಮಗಳಿಗೆ ಆತು. ಒಂದೂ ತೆಗಿಯೂದು ಬ್ಯಾಡ. ಇನ್ನ ತಂತಿ ಹಾಕಿ ಸಾಲು ಮಾಡಿದ್ರಾತು."

ಪರಿಮಳಾಳ ಎದೆ ಹಗುರಾಯಿತು. ಅದರ ಬೆನ್ನಿಗೇ ಹೊಟ್ಟೆಯಲ್ಲಿ ಸಣ್ಣಗೆ ಕಿಚ್ಚು ಎದ್ದಿತು. ಹೆತ್ತ ಮಗಳ ಮೇಲೆ ಹೊಟ್ಟೆಕಿಚ್ಚು! ನಾಚಿಕೆಯಾಗಿ ತಲೆ ತಗ್ಗಿಸಿದಳು. ತಗ್ಗಿಸಿಕೊಂಡೇ, "ನನ್ನ ವಯಸ್ಸಿಗೆ ಏನಾದ್ರೂ ಮಾಡ್ಲಿಕ್ಕೆ ಬರ್ತದಾ?" ಎಂದು ಕೇಳಿದಳು.

"ಕುಂದರ್ರಿ, ನೋಡೂಣು." ಇಪ್ಪತ್ತಾರು ವರ್ಷದ ಮೇಲೆ ಅವಳು ಅಂಥ ಕುರ್ಚಿಯಲ್ಲಿ ಬಾಯಿ ತೆರೆದಳು. ಡಾಕ್ಟರು ದೀಪ ಹಿಡಿದು ನೋಡಿದರು. "ಆಗ್ತದ್ರಿ. ಆಚೀಚೆ ಹಲ್ಲು ಸರಿಸಿ ಸಂದಿ ಮುಚ್ಚಬಹುದು. ಎರಡು ವರ್ಷ ಹಿಡಿತದ."

ಮುಚ್ಚುವುದು. ಮುಚ್ಚಿದರೆ ಅಲ್ಲಿ ಇನ್ನು ಯಾವುದಕ್ಕೂ ಜಾಗವಿಲ್ಲ. ಬರುವುದಿಲ್ಲವೆಂದು ಗೊತ್ತಿದ್ದ ಹೊಸ ಹಲ್ಲಿಗೂ ಇಲ್ಲ.

"ಸದ್ಯ ಹೀಂಗೇ ಇರ್ಲಿ ಡಾಕ್ಟ್ರೇ," ಎಂದು ಕೆಳಗಿಳಿದಳು.

ಮನೆಗೆ ಮರಳುವಾಗ ಸ್ಕೂಟಿಯ ಹಿಂದೆ ಕೂತು ಸಮೃದ್ಧಿ ಬೆರಳಿನಿಂದ ತಡವಿ ತನ್ನ ಹಲ್ಲು ಎಣಿಸತೊಡಗಿದಳು. ಹೊಂಡವೊಂದು ಎತ್ತಿ ಹಾಕಿತು.

"ಥೋ ಆಯಿ, ತಪ್ಪೋತು! ಮತ್ತೆ ಮೊದಲಿಂದ."

ಪರಿಮಳಾ ಗಾಡಿಯನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದಳು.

"ಎಣಿಸು ತಂಗಿ. ಜೋರಾಗಿ ಎಣಿಸು. ಆನು ಕೇಳ್ತೆ."