ಕಾಳವ್ವ ಹೊಂಡಕ್ಕೆ ಇಳಿಸಿದ ಪಂಜರ

ಐಗಳಿಯಲ್ಲಿ ನನ್ನ ಕಾಕು, ಅಂದರೆ ಚಿಕ್ಕಪ್ಪನ ಹೆಂಡತಿ, ಕಾಳವ್ವನ ಕೈಯಿಂದ ಏಟು ತಿನ್ನದವರ ಪಟ್ಟಿ ಮಾಡುವುದು ಸುಲಭ. ತಿಂದವರ ಪಟ್ಟಿಗೆ ಹೊತ್ತು ಬೇಕು. ನಾನು ಆ ಉದ್ದ ಪಟ್ಟಿಯವನು. ಹೆಸರು ದುಂಡೇಶ, ಅಥಣಿ ರಸ್ತೆಗೆ ನನ್ನದೊಂದು ವೆಲ್ಡಿಂಗ್ ಅಂಗಡಿ. ಹನ್ನೆರಡನೇ ವಯಸ್ಸಿನಲ್ಲಿ ಅವಳ ತೋಟದ ದ್ರಾಕ್ಷಿ ಕಿತ್ತು ತಿಂದದ್ದಕ್ಕೆ ಅವಳು ಬೀಸಿ ಎಸೆದ ಕಲ್ಲಿನ ಗುರುತು ಈಗಲೂ ನನ್ನ ಹಿಂದಲೆಯಲ್ಲಿದೆ. ಕಟಿಂಗ್ ಮಾಡುವವನು ಪ್ರತಿ ಸಲ ಇದೇನೆಂದು ಕೇಳುತ್ತಾನೆ. ಸೈಕಲ್ಲಿನಿಂದ ಬಿದ್ದೆ ಎನ್ನುತ್ತೇನೆ.

ಕಾಕಾ ಸತ್ತಾಗ ಅವಳಿಗೆ ಇಪ್ಪತ್ತೊಂಬತ್ತು, ಮಗಳು ಮನೀಷಾಗೆ ಮೂರು. ಗಂಡಸಿಲ್ಲದ ಮನೆಯ ಆರೆಕರೆ ದ್ರಾಕ್ಷಿ ತೋಟವೆಂದರೆ ಊರಿಗೆಲ್ಲ ಬಾಯಲ್ಲಿ ನೀರು. ಮೊದಲ ಬೇಸಿಗೆಯಲ್ಲೇ ಪಕ್ಕದ ಹೊಲದವನು ಅವಳ ಪೈಪಿನ ನೀರನ್ನು ತನ್ನ ಕಡೆ ತಿರುಗಿಸಿಕೊಂಡ. ಎರಡು ಸಲ ಬಾಯಿಂದ ಹೇಳಿದಳು. ಮೂರನೇ ಸಲ ಸಲಿಕೆ ಬೀಸಿದಳು, ಅವನ ಕಿವಿ ಅರ್ಧ ಹರಿದು ಜೋತುಬಿತ್ತು. ಠಾಣೆಯಲ್ಲಿ ಸಾಹೇಬರು ಗದರಿಸಿದಾಗ, "ಹೇಳಿದ್ದ ಕೇಳದ ಕಿವಿ ಇದ್ದರೇನ್ರಿ, ಬಿದ್ದರೇನ್ರಿ?" ಎಂದಳಂತೆ. ಆಮೇಲೆ ಅವಳ ನೀರಿಗೆ ಯಾರೂ ಕೈ ಹಾಕಲಿಲ್ಲ. ಒಣದ್ರಾಕ್ಷಿ ತೂಗುವಾಗ ತಕ್ಕಡಿಗೆ ಮೊಣಕಾಲು ಕೊಟ್ಟ ದಲಾಲಿಯ ಮೂಗು ಒಡೆದದ್ದೂ ಅವಳೇ. ಇದನ್ನೆಲ್ಲ ಹೊಗಳಿಕೆಗೆ ಹೇಳುತ್ತಿಲ್ಲ. ಅವಳನ್ನು ಕಂಡರೆ ನನಗೆ ಹೆದರಿಕೆ, ಸಿಟ್ಟು, ಪ್ರೀತಿ ಮೂರೂ ಇವೆ, ಯಾವುದು ಹೆಚ್ಚೆಂದು ಕೇಳಬೇಡಿ.

ಮಗಳನ್ನು ಬೆಳೆಸಿದ್ದೂ ಹಾಗೇ. ಆರು ವರ್ಷದವಳಿದ್ದಾಗ ಎತ್ತಿ ಬಾವಿಗೆ ಒಗೆದು, ಮೆಟ್ಟಿಲ ಮೇಲೆ ಕೋಲು ಹಿಡಿದು ಕೂತಳು. ಮನೀಷಾ ಈಜು ಕಲಿತಳು, ಕಲಿಯದೆ ಏನು ಮಾಡುತ್ತಾಳೆ? ಮುಂದೆ ಆ ಹುಡುಗಿ ಹೆಲಿಕಾಪ್ಟರ್ ನಡೆಸುವುದನ್ನು ಕಲಿಯುತ್ತೇನೆ ಎಂದಾಗ ನಮ್ಮಪ್ಪ ಕಟ್ಟೆಯ ಮೇಲೆ ಕೂತು ನಕ್ಕ. ಕಾಳವ್ವ ನೀರು ತುಂಬಿದ ತಂಬಿಗೆಯನ್ನು ಅವನ ಮುಖಕ್ಕೆ ಹೊಡೆದಳು. ಅಪ್ಪನ ಮುಂದಿನ ಹಲ್ಲು ಹೋಯಿತು, ಮನೀಷಾ ಪೈಲಟ್ ಆದಳು. ಕೆಲವು ವರ್ಷ ಮದುವೆಗಳಲ್ಲಿ ವರನನ್ನು ಇಳಿಸುವುದು, ಮೇಲಿಂದ ಹೂವು ಸುರಿಯುವುದು ಮಾಡಿದಳು. ಹೋದ ವರ್ಷ ದೊಡ್ಡ ಕೆಲಸ ಸಿಕ್ಕಿತು. ಸಮುದ್ರದ ನಡುವೆ ಎಣ್ಣೆ ತೆಗೆಯುವ ಕಡೆಗೆ ಕೆಲಸಗಾರರನ್ನು ಒಯ್ದು ಬಿಡುವುದು.

ಸಮುದ್ರದ ಮೇಲೆ ಹಾರುವವರಿಗೆ ಒಂದು ಪರೀಕ್ಷೆ ಇದೆ. ನೀರಿಗೆ ಬಿದ್ದ ಹೆಲಿಕಾಪ್ಟರ್ ಮೇಲಿನ ಭಾರಕ್ಕೆ ತಲೆಕೆಳಗಾಗುತ್ತದಂತೆ. ಅದಕ್ಕೇ ಪೈಲಟ್‌ಗಳನ್ನು ಒಂದು ಡಬ್ಬಿಯಲ್ಲಿ ಬೆಲ್ಟು ಬಿಗಿದು ಕೂರಿಸಿ, ಕೊಳದಲ್ಲಿ ಮುಳುಗಿಸಿ ಮಗುಚುತ್ತಾರೆ. ಅಲುಗಾಟ ನಿಲ್ಲುವವರೆಗೆ ಕಾದು, ಬಾಗಿಲು ತೆರೆದು, ಆಮೇಲೆ ಬೆಲ್ಟು ಬಿಚ್ಚಿ ಹೊರಬರಬೇಕು. ಮನೀಷಾ ಗಾಬರಿಬಿದ್ದು ಮೊದಲೇ ಬೆಲ್ಟು ಬಿಚ್ಚಿದಳು. ಮೇಲು ಕೆಳಗು ತಿಳಿಯದೆ ಡಬ್ಬಿಯ ಮೂಲೆಗೆ ತಲೆ ಬಡಿದುಕೊಳ್ಳುತ್ತಿದ್ದವಳನ್ನು ಕಾವಲಿನವರು ಎಳೆದು ತೆಗೆದರು. ಎರಡನೇ ಸಲದ ಫೀ ನೀವೇ ಕೊಡಬೇಕು, ಅದರಲ್ಲೂ ಆಗದಿದ್ದರೆ ನೌಕರಿ ಇಲ್ಲ ಎಂದಿತು ಕಂಪನಿ. ಮೂರು ವರ್ಷದ ಹಿಂದೆ ನಲವತ್ತು ಸಾವಿರವಿದ್ದ ಫೀ ಈಗ ಒಂದೂಕಾಲು ಲಕ್ಷ ಆಗಿತ್ತು.

ರಜೆ ಹಾಕಿ ಬಂದ ಮಗಳು ಇದನ್ನು ಹೇಳಿದಾಗ ನಾನು ಅಲ್ಲೇ ಚಹ ಕುಡಿಯುತ್ತಿದ್ದೆ.

"ನೀರಾಗ ಅದ್ದಿ ತಗ್ಯಾಕ ಸವ್ವಾ ಲಾಖ?" ಕಾಳವ್ವ ಕೂಗಿದಳು. "ಆರ ವರ್ಷದಾಕಿ ಇದ್ದಾಗ ನಾ ಪುಕ್ಕಟ ಅದ್ದೀನಿ ನಿನ್ನ!"

"ಯವ್ವಾ, ವರ್ಷಾ ವರ್ಷಾ ರೇಟ್ ಏರಾಕತ್ತೈತಿ. ಮಷೀನು ಪರದೇಶದ್ದು. ಡಾಕ್ಟರ್ ಇರ್ತಾನ, ನೀರಾಗ ಕಾಯಾಕ ನಾಕ ಮಂದಿ ಇರ್ತಾರ."

"ನಾಕ ಮಂದಿ ಯಾಕ ಬೇ? ನಮ್ಮೂರ ಈಶ್ವರ ಒಬ್ಬನ ಇಡೀ ಊರಿನ ಬಾವ್ಯಾಗಿನ ಹೆಣ ತಗೀತಾನ."

ಅವಳು ಕೊಡಲಾರದವಳಲ್ಲ. ಆ ವರ್ಷ ಒಣದ್ರಾಕ್ಷಿಗೆ ಒಳ್ಳೆಯ ದರ ಬಂದಿತ್ತು. ಆದರೆ ತನಗೆ ಯಾರೋ ಟೋಪಿ ಹಾಕುತ್ತಿದ್ದಾರೆ ಎನಿಸಿದರೆ ಕಾಳವ್ವನಿಗೆ ಕಣ್ಣು ಕಾಣುವುದಿಲ್ಲ. ತೋಟದ ಮೇಲಿನ ತುದಿಗೆ ಅವಳದೊಂದು ಕೃಷಿಹೊಂಡವಿದೆ. ಪ್ಲಾಸ್ಟಿಕ್ ಹಾಳೆ ಹಾಸಿದ್ದು, ನಡುವೆ ಎರಡಾಳು ನೀರು. ಅಲ್ಲೇ ಕಲಿಸೋಣ ಎಂದಳು. ಮನೀಷಾ ಬೇಡ ಎನ್ನಲಿಲ್ಲ. ಮೂವತ್ತು ವರ್ಷದ ಆ ಹುಡುಗಿಗೆ ಬೆಲ್ಟಿನ ಹೆಸರೆತ್ತಿದರೆ ಅಂಗೈ ಬೆವರುತ್ತಿತ್ತು. ಫೀ ಕಟ್ಟಿದರೂ ಈ ಹೆದರಿಕೆ ಹೋಗುವುದಿಲ್ಲ, ಮೊದಲು ಇಲ್ಲಿ ರೂಢಿಯಾಗಲಿ ಎಂದಳು. ನಾನು ಪಂಜರ ಮಾಡಿಕೊಟ್ಟೆ. ಒಲ್ಲೆ ಎನ್ನುವ ಧೈರ್ಯ ಆ ಮನೆಯಲ್ಲಿ ನನಗೆ ಯಾವತ್ತೂ ಬಂದಿಲ್ಲ, ಅದಕ್ಕೆ ಈಗಲೂ ನನ್ನ ಮೇಲೆ ನನಗೇ ಸಿಟ್ಟಿದೆ.

ಗುಜರಿ ಜೀಪಿನ ಸೀಟು, ಅದರದೇ ಬೆಲ್ಟು, ಸುತ್ತ ಕಬ್ಬಿಣದ ಸರಳು, ಒಂದು ಬದಿಗೆ ಚಿಲಕದ ಬಾಗಿಲು. ಎರಡೂ ಪಕ್ಕಕ್ಕೆ ಬೇರಿಂಗ್ ಹಾಕಿದ್ದೆ, ದಂಡೆಯಿಂದ ಹಗ್ಗ ಜಗ್ಗಿದರೆ ನೀರೊಳಗೆ ಮಗುಚುತ್ತಿತ್ತು. ಅದನ್ನು ಇಳಿಸಲು ಉಗಾರ ಖುರ್ದದಿಂದ ರಾವಸಾಹೇಬ ಬಂದ. ಕಬ್ಬಿನ ಹಂಗಾಮಿನಲ್ಲಿ ಫ್ಯಾಕ್ಟರಿಯ ಕ್ರೇನ್ ನಡೆಸುವವನು, ಬೇಸಿಗೆಯಲ್ಲಿ ಬಾವಿ ತೋಡುವ ಕ್ರೇನ್ ಬಾಡಿಗೆಗೆ ತರುತ್ತಾನೆ. ನೀರೊಳಗೆ ಕಾಯಲು ಈಶ್ವರ. ಬಾವಿಗೆ ಬಿದ್ದ ಪಂಪನ್ನೂ ಮನುಷ್ಯರನ್ನೂ ತೆಗೆಯುವುದೇ ಅವನ ಕಸುಬು.

ಮೊದಲ ಸಲ ಮುಳುಗಿಸಿದಾಗ ನಾನು ಹಗ್ಗ ಜಗ್ಗುತ್ತಿದ್ದಂತೆ ಬಾಗಿಲಿನ ಚಿಲಕ ತಾನೇ ಕಳಚಿತು. ತೆರೆದ ಬಾಗಿಲು ತಿರುಗಿ ಬಡಿದು, ಹೊರಗೆ ತಲೆ ಹಾಕಿದ ಮನೀಷಾಳ ಹುಬ್ಬು ಸೀಳಿತು. ಆದರೂ ಹೊರಬಂದಳು. ರಕ್ತ ಕಣ್ಣಿಗಿಳಿಯುತ್ತಿದ್ದರೂ ನಕ್ಕಳು, "ಇನ್ನೊಮ್ಮಿ" ಎಂದಳು. ನಾನು ಸುತ್ತಿಗೆಯಿಂದ ಚಿಲಕ ಬಾಗಿಸಿ ಬಿಗಿ ಮಾಡಿದೆ, ಈಶ್ವರ ಅವಳ ಹುಬ್ಬಿಗೆ ಬಟ್ಟೆ ಕಟ್ಟಿದ. ಅವಳು ಮತ್ತೆ ಒಳಗೆ ಕೂತಳು. ಕ್ರೇನ್ ಪಂಜರವನ್ನು ಎತ್ತುವ ಮುಂಚೆ ಕಾಳವ್ವ ಹತ್ತಿರ ಹೋಗಿ ಬಾಗಿಲು ಅಲುಗಿಸಿ ನೋಡಿದ್ದನ್ನು ಕಂಡೆ. ಕೈಯಲ್ಲಿ ಏನು ಮಾಡಿದಳೆಂದು ಕಾಣಲಿಲ್ಲ.

ಅದು ಏಪ್ರಿಲ್ ಚಾಟನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದು, ಹೊಸ ಕಡ್ಡಿಗಳನ್ನು ತಂತಿಗೆ ಕಟ್ಟುವ ಕಾಲ. ಆ ದಿನಗಳಲ್ಲಿ ದ್ರಾಕ್ಷಿ ತೋಟದ ಹೆಂಗಸರ ಸೊಂಟದಲ್ಲಿ ಸೆಣಬಿನ ಸುತಳಿಯ ತುಂಡುಗಳ ಕಟ್ಟು, ಒಂದು ಕತ್ತರಿ ಇದ್ದೇ ಇರುತ್ತವೆ. ದಿನಕ್ಕೆ ಸಾವಿರ ಗಂಟು ಹಾಕುವ ಕೈ, ಸಡಿಲವಾದದ್ದೇನು ಸಿಕ್ಕರೂ, ಕಟ್ಟಿಯೇ ತೀರುತ್ತದೆ. ಕಾಳವ್ವ ಸುತಳಿಯಿಂದ ಬಾಗಿಲನ್ನು ಸರಳಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿದ್ದಳು. ಬಾಗಿಲು ಮತ್ತೆ ಮಗಳ ಮುಖಕ್ಕೆ ಬಡಿಯಬಾರದೆಂದು.

ಪಂಜರ ಮುಳುಗಿತು. ನಾನು ಹಗ್ಗ ಜಗ್ಗಿದೆ, ಅದು ಮಗುಚಿತು. ಹತ್ತು ಎಣಿಸಿದೆ. ಹದಿನೈದು. ನೀರು ಕುದಿಯುವ ಹಾಗೆ ಗುಳ್ಳೆ ಬಂದವು. ಈಶ್ವರ ಮುಳುಗಿದ, ಮೂಗಿನಿಂದ ರಕ್ತ ಸುರಿಸುತ್ತ ಮೇಲೆದ್ದ. ಒಳಗಿಂದ ಒದ್ದಿದ್ದಳು.

"ಬಾಗಲಾ ಕಟ್ಟೈತಿ! ಎತ್ತಲೇ, ಎತ್ತ!"

ರಾವಸಾಹೇಬ ಹೆದರಿ ಒಮ್ಮೆಲೇ ಜಗ್ಗಿದ. ತಂತಿಹಗ್ಗ ರಾಟೆಯಿಂದ ಜಿಗಿದು ಪಕ್ಕಕ್ಕೆ ಸಿಕ್ಕಿಕೊಂಡು ಕ್ರೇನ್ ನಿಂತುಹೋಯಿತು. ಕಾಳವ್ವ ಸೊಂಟದ ಕತ್ತರಿ ಕಿತ್ತುಕೊಂಡು ಸೀರೆ ಸಮೇತ ಹಾರಿದಳು. ನಾನೂ ಹಾರಿದೆ. ಹಸಿರು ನೀರಲ್ಲಿ ಕಂಡದ್ದು ಇಷ್ಟೇ: ಸರಳುಗಳ ಸಂದಿನಿಂದ ಹೊರಗೆ ಚಾಚಿದ ಮನೀಷಾಳ ಕೈ ಕಾಳವ್ವನ ಕೆನ್ನೆಯನ್ನು ಬಗೆಯುತ್ತಿತ್ತು. ಕಾಳವ್ವ ಮುಖ ಸರಿಸದೆ ಸುತಳಿ ಕತ್ತರಿಸುತ್ತಿದ್ದಳು. ನೆನೆದ ಸುತಳಿ ಬಿಗಿದುಕೊಂಡಿತ್ತು. ಬಾಗಿಲು ತೆರೆದಾಗ ಆ ಕೈ ಸುಮ್ಮನಾಗಿಬಿಟ್ಟಿತ್ತು.

ದಂಡೆಗೆ ಎಳೆದು ಬೋರಲು ಹಾಕಿದೆವು. ಈಶ್ವರ ಬೆನ್ನಿಗೆ ಮೊಣಕಾಲು ಊರಿ ಒತ್ತಿದ, ನೀರು ಬಂತು, ಉಸಿರು ಬರಲಿಲ್ಲ. ಹೊರಳಿಸಿ ಎದೆ ಒತ್ತಿದ. ಒಳಗೆ ಏನೋ ಮುರಿದ ಸದ್ದು ನನಗೇ ಕೇಳಿಸಿತು. ಕಾಳವ್ವ ಮಗಳ ಕೆನ್ನೆಗೆ ಎಡಕ್ಕೊಂದು ಬಲಕ್ಕೊಂದು ಬಾರಿಸುತ್ತ, "ಏಳ ಬೇ! ಏಳ!" ಎಂದು ಬೈಯುತ್ತಿದ್ದಳು. ಕಡೆಗೆ ಮನೀಷಾ ಕೆಮ್ಮಿದಳು, ವಾಂತಿ ಮಾಡಿದಳು, ಕೂತಳು. ನಾನು ಅಲ್ಲೇ ಕುಸಿದು ಹುಡುಗನ ಹಾಗೆ ಅತ್ತೆ.

ಮನೀಷಾಳ ಬೆರಳಿಗೆ ಸುತಳಿಯ ತುಂಡೊಂದು ಸುತ್ತಿಕೊಂಡಿತ್ತು. ಅದನ್ನು ಬಿಚ್ಚಿ ಎತ್ತಿ ಹಿಡಿದಳು.

"ಯಾರ ಕಟ್ಟಿದ್ದು?"

"ನಾ," ಎಂದಳು ಕಾಳವ್ವ.

ಮನೀಷಾ ಎದ್ದು ತಾಯಿಯ ಕೂದಲು ಹಿಡಿದಳು. ನೆಲಕ್ಕೆ ಕೆಡವಿ, ಎದೆಯ ಮೇಲೆ ಕೂತು, ಮುಷ್ಟಿ ಕಟ್ಟಿ ಹೊಡೆದಳು. ಮೊದಲ ಏಟಿಗೆ ತುಟಿ ಒಡೆಯಿತು. ರಾವಸಾಹೇಬನೂ ನಾನೂ ಹಿಡಿಯಲು ಹೋದರೆ ಕಾಳವ್ವ ಕೆಳಗಿನಿಂದಲೇ, "ಬಿಡ್ರಿ! ಹೊಡೀಲಿ!" ಎಂದಳು. ಊರನ್ನೇ ಹೊಡೆದ ಹೆಂಗಸು ಕೈ ಎತ್ತಲಿಲ್ಲ. ಮುರಿದ ಪಕ್ಕೆಲುಬಿನ ನೋವಿಗೆ ಮನೀಷಾಳೇ ನಿಲ್ಲಿಸಿದಳು. "ನೌಕರಿ ಬಿಟ್ಟೆ ನಾ. ಇನ್ನ ಹಾರಂಗಿಲ್ಲ," ಎಂದು ಹೊಂಡದ ಕಡೆ ಬೆನ್ನು ಮಾಡಿ ಕೂತಳು. ಇಪ್ಪತ್ತೇಳು ವರ್ಷ ಕಾಳವ್ವ ಬಡಿದಾಡಿದ್ದು ಈ ಒಂದು ಮಾತು ಕೇಳಲಿಕ್ಕೆ ಅಲ್ಲ.

ಅಥಣಿಯ ಆಸ್ಪತ್ರೆಯಲ್ಲಿ ಪಕ್ಕೆಗೆ ಪಟ್ಟಿ ಕಟ್ಟಿಸಿಕೊಂಡು ಬಂದರು. ಎಂಟು ದಿನ ತಾಯಿ ಮಗಳು ಮಾತಾಡಲಿಲ್ಲ. ಒಂಬತ್ತನೇ ದಿನ ಮಧ್ಯಾಹ್ನ ಕಾಳವ್ವ ನಮ್ಮೆಲ್ಲರನ್ನೂ ಹೊಂಡಕ್ಕೆ ಕರೆಸಿದಳು. ಕ್ರೇನ್ ರಿಪೇರಿಯಾಗಿತ್ತು. ಅವಳ ಕೆನ್ನೆಯ ಗಾಯ ಇನ್ನೂ ಹಸಿಯಾಗಿತ್ತು.

"ನನ್ನ ಕೂಡಸ್ರಿ ಅದರಾಗ. ಏನ ಮಾಡೀನಿ ಅಂತ ನಾ ನೋಡಬೇಕ."

"ಅಕ್ಕಾರ, ನಾ ಒಲ್ಲೆರಿ," ಎಂದ ರಾವಸಾಹೇಬ. ಅವನ ಕಪಾಳಕ್ಕೆ ಬಿತ್ತು. ನಾನು ಬಾಯಿ ತೆರೆದೆ, ನನಗೂ ಬಿತ್ತು. ಅಷ್ಟರಲ್ಲಿ ಹಿಂದಿನಿಂದ ಮನೀಷಾಳ ದನಿ ಬಂತು.

"ಕೂಡಸ್ರಿ."

ತಾನೇ ಬಂದು ತಾಯಿಗೆ ಬೆಲ್ಟು ಬಿಗಿದಳು. ಬಿಗಿಯುವಾಗ ಕಾಳವ್ವನ ಬಾಯಿಂದ ಉಸಿರು ಹೊರಬೀಳುವಷ್ಟು ಜಗ್ಗಿದಳು. ಬೆಲ್ಟು ಹೇಗೆ ಬಿಚ್ಚಬೇಕು, ಬಾಗಿಲು ಯಾವ ಕಡೆ, ಒಂದನ್ನೂ ಹೇಳಲಿಲ್ಲ. ಪಕ್ಕೆ ಹಿಡಿದುಕೊಂಡೇ ನೀರಿಗಿಳಿದು ಪಂಜರದ ಬದಿಗೆ ಹೋದಳು. "ಈಶ್ವರ, ನೀ ಮ್ಯಾಲ ಇರು," ಎಂದಳು.

ಹಗ್ಗ ಜಗ್ಗಿದೆ. ಬಿಸಿಲು ನೆತ್ತಿಗೆ ಬಂದಿತ್ತು, ನೀರಿನ ಮೇಲ್ಭಾಗ ತಿಳಿಯಾಗಿತ್ತು. ತಲೆಕೆಳಗಾದ ಕಾಳವ್ವನ ಬಿಳಿ ಕೂದಲು ಹರಡಿದ್ದು ಕಾಣುತ್ತಿತ್ತು. ಕೈಗಳು ಸರಳು ಸರಳು ತಡಕಿ, ಬಾಗಿಲು ಸಿಕ್ಕ ಮೇಲೆ ತಳ್ಳತೊಡಗಿದವು. ಬಾಗಿಲು ತೆರೆಯಲಿಲ್ಲ. ಹೊರಗಿನಿಂದ ಮನೀಷಾಳ ಎರಡೂ ಕೈ ಅದರ ಮೇಲಿದ್ದವು. ನಾನು ಎಣಿಸುತ್ತಿದ್ದೆ. ಇಪ್ಪತ್ತು. ಇಪ್ಪತ್ತೈದು. ಗುಳ್ಳೆ ಬಂದವು. ಈಶ್ವರ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಲಾರದೆ ನೀರನ್ನೇ ನೋಡಿದೆ. ಮೂವತ್ತೆರಡಕ್ಕೆ ಬಾಗಿಲು ತೆರೆಯಿತು. ಮನೀಷಾ ಒಳಗೆ ಕೈ ಹಾಕಿ, ಬೆಲ್ಟು ಬಿಚ್ಚಿ, ತಾಯಿಯ ಸೆರಗು ಹಿಡಿದು ಮೇಲೆ ತಂದಳು.

ಕಾಳವ್ವ ದಂಡೆಯ ಮೇಲೆ ಕೈಕಾಲೂರಿ ನೀರು ಕಾರಿದಳು. ಮೈ ಗಡಗಡ ನಡುಗುತ್ತಿತ್ತು. ಅವಳು ನಡುಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಎಷ್ಟ ಕೇಳ್ಯಾರಂದಿ ಅವ್ರು?"

"ಸವ್ವಾ ಲಾಖ."

"ಕಡಿಮಿ ಕೇಳ್ಯಾರ," ಎಂದಳು ಕಾಳವ್ವ. "ಕೊಟ್ಟ ಬಾ. ನಾಕ ಮಂದಿ ಸಾಲಂಗಿಲ್ಲ, ಆರ ಮಂದಿ ನಿಲ್ಸು ಅಂತ ಹೇಳ."

ಮನೀಷಾ ಪಕ್ಕೆಲುಬು ಕೂಡಿದ ಮೇಲೆ ಹೋದಳು, ಫೀ ಕಟ್ಟಿದಳು, ನಾಲ್ಕು ಸಲ ಮಗುಚಿದರೂ ನಾಲ್ಕು ಸಲ ಹೊರಬಂದಳು. ಈಗ ಸಮುದ್ರದ ಮೇಲೆ ಹಾರುತ್ತಾಳೆ. ಪಂಜರವನ್ನು ನಾನು ಗ್ಯಾಸ್ ಕಟರಿನಿಂದ ತುಂಡು ಮಾಡಿ ಗುಜರಿಗೆ ಹಾಕಿದೆ.

ಹೋದ ತಿಂಗಳು ತೋಟದ ಗೇಟು ರಿಪೇರಿಗೆ ಹೋಗಿದ್ದೆ. ಕಾಳವ್ವ ಚಹ ತಂದು ಎದುರಿಗೆ ಕೂತಳು.

"ದುಂಡೇಶಾ, ಅವತ್ತ ಎಷ್ಟ ಎಣಿಸಿದಿ?"

ಸುಳ್ಳು ಹೇಳಬೇಕೆಂದಿದ್ದೆ. ಅವಳ ಮುಖ ನೋಡಿ ಆಗಲಿಲ್ಲ. "ಮೂವತ್ತೆರಡ, ಕಾಕು."

"ಬಾಗಲದ ಮ್ಯಾಲ ಆಕೀ ಕೈ ಇತ್ತು. ಗೊತ್ತೈತಿ ನನಗ."

ಅವಳು ಬಸಿಯಲ್ಲಿ ಉಳಿದ ಚಹ ಕುಡಿದು ಮುಗಿಸಿದಳು.

"ಮೂವತ್ತೆರಡಕ್ಕ ಬಿಟ್ಟಳಲ್ಲೋ," ಎಂದಳು. "ನಾ ಆಗಿದ್ರ ಬಿಡತಿದ್ದೆನೋ ಇಲ್ಲೋ, ನನಗ ಗೊತ್ತಿಲ್ಲ."