ಕೇಳುವ ಕೆಲಸ

ಭಾನುವಾರ ಬೆಳಗಿನ ಕಾಫಿ ಮುಗಿದ ಮೇಲೆ ನಾನು ಅಡುಗೆಮನೆಯ ಸ್ಟೂಲನ್ನು ಹಜಾರಕ್ಕೆ ಎಳೆದುಕೊಂಡು ಹೋಗಿ, ಅದರ ಮೇಲೆ ಹತ್ತಿ, ಸೂರಿಗೆ ಅಂಟಿಕೊಂಡಿರುವ ಸ್ಮೋಕ್ ಅಲಾರಮ್ಮಿನ ಗುಂಡಿಯನ್ನೊಮ್ಮೆ ಒತ್ತಿ ನೋಡುತ್ತೇನೆ. ಅದು ಕಿರುಚುತ್ತದೆ; ನಾನು ಸಮಾಧಾನದಿಂದ ಇಳಿಯುತ್ತೇನೆ. ಒಗ್ಗರಣೆಯ ಸಾಸಿವೆ ಸಿಡಿದರೂ ಪ್ರಳಯವಾಯಿತೆಂದು ಬೊಬ್ಬೆ ಹಾಕುವ, ಬ್ಯಾಟರಿ ಕ್ಷೀಣಿಸಿದರೆ ನಿಮಿಷಕ್ಕೊಮ್ಮೆ ‘ಚಿಂಕ್’ ಎಂದು ಪ್ರಾಣ ಹಿಂಡುವ ಆ ಬಿಳಿ ತಟ್ಟೆಗೆ ವಾರವಾರವೂ ಇಷ್ಟು ಉಪಚಾರ ಮಾಡುವ ಗೃಹಸ್ಥ ಟೊರಾಂಟೊ ಪಕ್ಕದ ಮಿಲ್ಟನ್ನಿನ ನಮ್ಮ ಬೀದಿಯಲ್ಲಿ ನಾನೊಬ್ಬನೇ ಇರಬೇಕು. ನೆರೆಯವರು ಇದನ್ನು ಜವಾಬ್ದಾರಿ ಎಂದುಕೊಂಡಿದ್ದಾರೆ. ನಿಮ್ಮಲ್ಲಿ ಮುಚ್ಚುಮರೆ ಏಕೆ, ಅದು ಬರೀ ಭಯ.

ಭಯಕ್ಕೂ ನನಗೂ ಹಳೆಯ ಸ್ನೇಹ. ಎಂಜಿನಿಯರೆಂಬ ಬಿರುದನ್ನು ಮೈಸೂರಿನಿಂದ ಹೊತ್ತು ತೊಂಬತ್ತರ ದಶಕದಲ್ಲಿ ಟೊರಾಂಟೊಗೆ ಬಂದಿಳಿದಾಗ, ಹೋದಲ್ಲೆಲ್ಲ ‘ಕೆನೇಡಿಯನ್ ಎಕ್ಸ್‌ಪೀರಿಯೆನ್ಸ್’ ಎಂಬ ಅಗೋಚರ ವಸ್ತುವನ್ನು ಕೇಳಿ ನನ್ನನ್ನು ವಾಪಸು ಕಳಿಸುತ್ತಿದ್ದರು. ಕೊನೆಗೆ ವುಡ್‌ಬ್ರಿಡ್ಜಿನ ಒಂದು ಸೀಡಿ ಕಾರ್ಖಾನೆ ನನ್ನನ್ನು ಕರೆದದ್ದು ಪದವಿಗಾಗಿ ಅಲ್ಲ, ಬಾಲ್ಯದಲ್ಲಿ ಆರು ವರ್ಷ ಮೃದಂಗ ಕಲಿತಿದ್ದೆನೆಂದು ಅರ್ಜಿಯ ಕೊನೆಯಲ್ಲಿ ಸಂಕೋಚದಿಂದ ಬರೆದಿದ್ದ ಒಂದು ಸಾಲಿಗಾಗಿ. ಹೊಸ ಅಚ್ಚಿನಿಂದ ಹೊರಬಂದ ಮೊದಲ ಸೀಡಿಯನ್ನು ಗಾಜಿನ ಕೋಣೆಯಲ್ಲಿ ಕುಳಿತು ಆದ್ಯಂತ ಕೇಳುವುದು, ಎಲ್ಲಾದರೂ ಟಿಕ್ ಎಂದರೂ ಚರ್ ಎಂದರೂ ಯಂತ್ರ ನಿಲ್ಲಿಸುವುದು, ಇಲ್ಲವಾದರೆ ಸಹಿ ಹಾಕಿ ಸಾವಿರಾರು ಪ್ರತಿಗಳಿಗೆ ದಾರಿ ಬಿಡುವುದು, ಇಷ್ಟೇ ನನ್ನ ಉದ್ಯೋಗ. ಕೆಲಸ ಕೇಳುತ್ತ ಅಲೆದವನಿಗೆ ಕೇಳುವುದೇ ಕೆಲಸವಾಯಿತು.

ಮೊದಲ ಮೂರು ತಿಂಗಳು ಪರೀಕ್ಷಾವಧಿ. ಅದು ಮುಗಿಯಲು ಒಂದು ವಾರವಿದೆ ಎನ್ನುವಾಗ ಅಮೆರಿಕದ ಒಂದು ರಾಕ್ ತಂಡದ ಚೊಚ್ಚಲ ಸೀಡಿ ನನ್ನ ಮುಂದೆ ಬಂದು ಕೂತಿತು. ತಂಡದ ಹೆಸರು ಹೇಳಲಾರೆ. ಬಿಡುಗಡೆಗೆ ಮುಂಚೆ ಕೇಳಿದ್ದನ್ನು ಯಾರಲ್ಲೂ ಬಾಯಿಬಿಡುವುದಿಲ್ಲವೆಂದು ಸಹಿ ಹಾಕಿಕೊಟ್ಟ ಕಾಗದದ ಹೆದರಿಕೆ ಇನ್ನೂ ಹೋಗಿಲ್ಲ. ಐದು ಜನ, ಐದು ಮತ. ಗಿಟಾರು ಗುಡುಗುತ್ತಿರುವಾಗಲೇ ಒಬ್ಬ ರ‍್ಯಾಪಿನಲ್ಲಿ ಜಗಳಕ್ಕೆ ನಿಲ್ಲುತ್ತಿದ್ದ, ಇನ್ನೊಬ್ಬ ನಡುವೆ ಜಾಝಿನ ತುತ್ತೂರಿ ತೂರಿಸುತ್ತಿದ್ದ, ಡ್ರಮ್ಮಿನವನಂತೂ ನಾನು ಸಮ ಎಂದು ತೊಡೆ ತಟ್ಟಿದ ಕ್ಷಣದಲ್ಲಿ ಬೇರೆಲ್ಲೋ ಇರುತ್ತಿದ್ದ. ಐದನೆಯ ಹಾಡಿನಲ್ಲಿ ಚರಚರ ಸದ್ದು ಕೇಳಿ ನನ್ನ ಜೀವ ಬಾಯಿಗೆ ಬಂತು. ಇದು ದೋಷವೋ, ಕಲೆಯೋ? ಯಂತ್ರ ನಿಲ್ಲಿಸಿದರೆ ಪೆದ್ದನಾಗುವ ಭಯ, ನಿಲ್ಲಿಸದಿದ್ದರೆ ಕೆಲಸ ಹೋಗುವ ಭಯ. ಬೆವರುತ್ತಲೇ ನಿಲ್ಲಿಸಿದೆ.

ನಮ್ಮ ಸೂಪರ್‌ವೈಸರ್ ಜೀನೋ, ಇಟಲಿ ಮೂಲದ ಗಂಭೀರ ಮನುಷ್ಯ, ಧ್ವನಿಮುದ್ರಣ ಕಂಪನಿಗೆ ಫೋನ್ ಮಾಡಿದ. ಅದು ಹಳೆಯ ಗ್ರಾಮಫೋನ್ ತಟ್ಟೆಯ ಸದ್ದೆಂದೂ ತಂಡದವರು ಬೇಕೆಂದೇ ಸೇರಿಸಿದ್ದೆಂದೂ ಉತ್ತರ ಬಂತು. ಇಡೀ ಶಿಫ್ಟು ನಕ್ಕಿತು. ನಾನು ಊಟದ ಡಬ್ಬಿ ಎತ್ತಿಕೊಂಡು ಹೊರಡಲು ಸಿದ್ಧನಾದೆ. ಜೀನೋ ಮಾತ್ರ ನಗದೆ ತನ್ನ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: “ಕೇಳಿಸಿದ್ದನ್ನು ಹೇಳಿದವನನ್ನು ನಾನು ಮನೆಗೆ ಕಳಿಸುವುದಿಲ್ಲ. ಕೇಳಿಸದವನನ್ನು ಕಳಿಸುತ್ತೇನೆ.” ಅಂದು ಅದು ಅಭಯದಂತೆ ಕಂಡಿತು, ಕೆಲಸವೂ ಖಾಯಮ್ಮಾಯಿತು.

ಆ ತಂಡ ಬೆಳೆದಂತೆ ನಾನೂ ಬೆಳೆದೆ, ಅವರು ಕೀರ್ತಿಯಲ್ಲಿ, ನಾನು ಹೊಟ್ಟೆಯಲ್ಲಿ. ಎರಡನೆಯ ಸೀಡಿಯಲ್ಲಿ ಹಳ್ಳಿಗಾಡಿನ ಪಿಟೀಲೂ ಚರ್ಚಿನ ವೃಂದಗಾನವೂ ಸೇರಿಕೊಂಡು, ಅದು ಶಾಲೆಗೆ ಹೋಗುವ ಮಕ್ಕಳ ಬಾಯಲ್ಲೆಲ್ಲ ಬಂತು. ಬಿಡುಗಡೆಯ ದಿನ ನನ್ನ ಮಗಳು ಮೇಘನಾ ಅದನ್ನು ಕೊಂಡು ತಂದು ಹಾಕಿದವಳು, ಮೂರನೆಯ ಹಾಡಿಗೆ ತಟಕ್ಕನೆ ನಿಲ್ಲಿಸಿ ನನ್ನನ್ನೇ ನೋಡಿದಳು.

“ಅಪ್ಪಾ, ಯು ವರ್ ಸಿಂಗಿಂಗ್ ದಿಸ್. ಲಾಸ್ಟ್ ವೀಕ್. ದೋಸೆ ಮಾಡ್ವಾಗ.”

ನಿಜ. ಕಾವಲಿಯ ಮುಂದೆ ನಿಂತು, ಇನ್ನೂ ಲೋಕ ಕೇಳದ ಆ ರಾಗವನ್ನು ತಕಧಿಮಿ ಹಾಕಿ ಗುನುಗಿದ್ದೆ. ಸಹಿ ಮಾಡಿದ ಕಾಗದ ಕಣ್ಮುಂದೆ ಬಂದು, ಮುಂದಿನ ಒಂದು ತಿಂಗಳು ಬಾಗಿಲ ಗಂಟೆ ಬಾರಿಸಿದಾಗಲೆಲ್ಲ ವಕೀಲರೇ ಬಂದರೆಂದು ಬೆಚ್ಚುತ್ತಿದ್ದೆ. ಆ ಮೇಲೆ ದೋಸೆಯನ್ನು ಮೌನವಾಗಿಯೇ ಹುಯ್ದೆ.

ಮೂರನೆಯ ಸೀಡಿಯ ಹೊತ್ತಿಗೆ ತುತ್ತೂರಿಯವನು ತಂಡ ಬಿಟ್ಟಿದ್ದ. ಅವನ ಜಾಗದಲ್ಲಿ ಕಂಪ್ಯೂಟರಿನ ಗುಂಯ್‌ಗಾನ ಬಂದಿತ್ತು. ಪತ್ರಿಕೆಗಳು ಬೈದವು, ನನಗೂ ಒಗ್ಗಲಿಲ್ಲ, ಆದರೂ ಆಪ್ತರ ಮನೆಯ ಕಲಹ ಕೇಳಿದವನ ಹಾಗೆ ಮರುಗಿದೆ. ಜನ ಹಾಡನ್ನು ಕಂಪ್ಯೂಟರಿಗೇ ಇಳಿಸಿಕೊಳ್ಳತೊಡಗಿ ಕಾರ್ಖಾನೆಯ ಯಂತ್ರಗಳು ಒಂದೊಂದಾಗಿ ನಿಂತವು. ನಾಲ್ಕನೆಯ ಸೀಡಿ ಬಂದಾಗ ಕೇಳುವವನು ನಾನೊಬ್ಬನೇ ಉಳಿದಿದ್ದೆ. ಅಬ್ಬರವೆಲ್ಲ ಇಳಿದು, ಪಿಯಾನೊ ಮತ್ತು ಮೆದು ಡ್ರಮ್ಮು ಮಾತ್ರ ಮಾತಾಡಿಕೊಳ್ಳುವ ಸಂಜೆಗಾಲದ ಸಂಗೀತ ಅದು. ಕೊನೆಯ ಹಾಡು ಮುಗಿದು ಒಂದು ನಿಮಿಷ ಶುದ್ಧ ಮೌನ. ಎಂಥ ಸಂಯಮ ಎಂದು ಕಣ್ಣು ಒದ್ದೆಯಾಗಿ ಸಹಿ ಹಾಕಿದೆ.

ಸೀಡಿ ಅಂಗಡಿಗಳಿಗೆ ಬಂದ ಶನಿವಾರ ಮಧ್ಯಾಹ್ನ ಮೇಘನಾ ಅದನ್ನು ಮನೆಯಲ್ಲಿ ಹಾಕಿದಳು. ಕೊನೆಯ ಹಾಡಿನ ಆಚೆಗಿನ ಆ ಮೌನದ ಮಹಿಮೆಯನ್ನು ನಾನು ವಿವರಿಸಲು ಹೊರಟರೆ, ಅವಳು ಮುಖ ಕಿವುಚಿದಳು. ಮೌನವೆಲ್ಲಿ ಬಂತು, ಸೂಜಿಯಂಥ ಒಂದು ಸೀಟಿ ಆ ನಿಮಿಷವಿಡೀ ಬಿಡದೆ ಕೂಗುತ್ತದಲ್ಲ, ಹಲ್ಲು ಜುಮ್ಮೆನ್ನುವುದಿಲ್ಲವೇ ಎಂದು ಅವಳ ಪ್ರಶ್ನೆ. ನನ್ನ ಹೆಂಡತಿ ವಿಮಲಾ ಕೂಡ ಹೌದೆಂದಳು. ನಾನು ಸ್ಪೀಕರಿಗೆ ಕಿವಿ ಹಚ್ಚಿದೆ. ಏನೂ ಇರಲಿಲ್ಲ.

ಆ ಸೀಟಿ ತಂಡದವರದೋ, ಅಚ್ಚಿನ ದೋಷವೋ? ದೋಷವಾದರೆ ಸಾವಿರಾರು ಮನೆಗಳಲ್ಲಿ ಈಗ ನನ್ನ ಸಹಿ ಕಿರುಚುತ್ತಿದೆ. ವಿಚಾರಿಸೋಣವೆಂದರೆ, ಕೇಳಿಸಲಿಲ್ಲವೆಂದು ಒಪ್ಪಿಕೊಳ್ಳದೆ ವಿಚಾರಿಸುವುದು ಹೇಗೆ? ಜೀನೋನ ಹಳೆಯ ಮಾತಿನ ಎರಡನೆಯ ಅರ್ಧ ಹತ್ತು ವರ್ಷ ಸುಮ್ಮನಿದ್ದು ಈಗ ಎದ್ದು ಕೂತಿತು. ಭಾನುವಾರ ಕೈಗೆ ಕಾಫಿ ಕೊಡುತ್ತ ವಿಮಲಾ ಗದರಿದಳು.

“ರೀ, ನೆನ್ನೆ ಬೆಳಿಗ್ಗೆಯಿಂದ ಆ ಅಲಾರಮ್ಮು ಚಿಂಕ್ ಚಿಂಕ್ ಅಂತಿದೆ. ಬ್ಯಾಟ್ರಿ ಹಾಕೋಕಾಗಲ್ವಾ? ಕೇಳ್ಸಿದ್ರೂ ಕೇಳ್ಸದ ಹಾಗೆ ಕೂತಿರ್ತೀರಲ್ಲ.”

ನನಗೆ ಆ ಚಿಂಕ್ ಒಮ್ಮೆಯೂ ಕೇಳಿಸಿರಲಿಲ್ಲ. ಸ್ಟೂಲು ಹತ್ತಿ ಬ್ಯಾಟರಿ ಬದಲಿಸಿದೆ. ಇಳಿದ ಮೇಲೆ ಅವಳಿಗೆ ನಿಜ ಹೇಳಿದೆ. ಅವಳು ನನ್ನ ಕೈಯಿಂದ ಹಳೆಯ ಬ್ಯಾಟರಿ ತೆಗೆದುಕೊಂಡು, “ನಾಳೆ ಜೀನೋಗೆ ಹೇಳ್ಬಿಡಿ” ಎಂದಳು.

ಸೋಮವಾರ ಹೇಳಿದೆ. ಜೀನೋ ಬಾಗಿಲು ಮುಚ್ಚಿ, ಹೆಡ್‌ಫೋನ್ ಹಾಕಿಕೊಂಡು ಆ ಒಂದು ನಿಮಿಷವನ್ನು ಕೇಳಿದ. ಮತ್ತೊಮ್ಮೆ ಕೇಳಿದ. ಆಮೇಲೆ ಹೆಡ್‌ಫೋನನ್ನು ತೆಗೆದು ಮೇಜಿನ ಮೇಲಿಟ್ಟ.

“ನನಗೂ ಕೇಳಿಸುತ್ತಿಲ್ಲ,” ಎಂದ. “ನೀನು ಬರುವ ಮೊದಲಿಂದಲೂ.”

ಯಂತ್ರಗಳ ಪಕ್ಕ ಬದುಕು ಸವೆಸಿ, ಸಣ್ಣ ಕೀರಲು ಸದ್ದುಗಳನ್ನೆಲ್ಲ ಕಳೆದುಕೊಂಡವನು ಅವನು. ಕೇಳಿಸುವವನೊಬ್ಬನನ್ನು ಹತ್ತಿರ ಇಟ್ಟುಕೊಂಡು, ಎಂದು ಸಿಕ್ಕಿಬೀಳುತ್ತೇನೋ ಎಂದು ಅವನೂ ಇಷ್ಟು ವರ್ಷ ಹೆದರಿಕೊಂಡೇ ಬಂದಿದ್ದನಂತೆ. ಧ್ವನಿಮುದ್ರಣ ಕಂಪನಿಗೆ ಫೋನು ಮಾಡಿದೆವು. ದೋಷವಲ್ಲವೆಂದು ಉತ್ತರ ಬಂತು. ಹಲವು ವರ್ಷ ಬಾರಿಸಿ ಬಾರಿಸಿ ಡ್ರಮ್ಮಿನವನ ಕಿವಿಯಲ್ಲಿ ಒಂದು ಸೀಟಿ ನಿಂತುಬಿಟ್ಟಿತ್ತು. ಅದನ್ನೇ ಹೋಲುವ ಸ್ವರವನ್ನು ಹುಡುಕಿ, ತನ್ನ ಮೌನ ಹೇಗಿರುತ್ತದೆಂದು ಜನಕ್ಕೂ ತಿಳಿಯಲಿ ಎಂದು ಕೊನೆಗೆ ಸೇರಿಸಿದ್ದನಂತೆ. ಅದೇ ಅವರ ಕಡೆಯ ಸೀಡಿ. ಅವನ ಮಾತು ಚೆನ್ನಾಗಿ ಅರ್ಥವಾಗಬಹುದಾಗಿದ್ದ ನಾವಿಬ್ಬರೂ ಅದನ್ನು ಕೇಳಲಾರದೆ ಎದುರುಬದುರು ಕೂತಿದ್ದೆವು. ಆ ವಾರವೇ ನಾನು ಪ್ಯಾಕಿಂಗ್ ವಿಭಾಗಕ್ಕೆ ಹೋದೆ, ಬೇಸಿಗೆಗೆ ಜೀನೋ ನಿವೃತ್ತನಾದ.

ಹಾಗಾಗಿ ಭಾನುವಾರ ಸ್ಟೂಲು ಹತ್ತಿ ನಾನು ಪರೀಕ್ಷಿಸುವುದು ಬ್ಯಾಟರಿಯನ್ನಲ್ಲ. ನೆರೆಯವರಿಗೆ ಇದು ತಿಳಿಯದು, ವಿಮಲಾಗೆ ತಿಳಿದಿದೆ; ಅವಳು ಸ್ಟೂಲು ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಾಳೆ. ಈ ವಾರವೂ ಒತ್ತಿದೆ. ಕಿರುಚಿತು, ಹೋದ ವಾರಕ್ಕಿಂತ ತುಸು ದೂರದಿಂದ. ಕೇಳಿಸಿತು ಎಂದು ಹೇಳಲು ಕೆಳಗೆ ನೋಡಿದರೆ, ವಿಮಲಾ ಸ್ಟೂಲು ಬಿಟ್ಟು ಎರಡೂ ಕಿವಿ ಮುಚ್ಚಿಕೊಂಡಿದ್ದಳು.