ಎರಿಭೂತದ ಎರಡನೇ ತತ್ತಿ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು, ಪ್ರತಿ ಸಲ ಬೇರೇನನ್ನೋ ಬರೆದು ಎದ್ದಿದ್ದೇನೆ. ಈಗ ವಯಸ್ಸು ತೊಂಬತ್ತರ ಹತ್ತಿರ... ಇನ್ನು ಮುಂದೂಡುವಂತಿಲ್ಲ. ಮೊನ್ನೆ ಮರಿಮಗಳು, ತನ್ನ ಸಾಲಿಯವರು ಮಕ್ಕಳನ್ನು ಹೊರಗೆ ಕರೆದೊಯ್ಯುವ ದಿನ ಒಯ್ಯಬೇಕೆಂದು ಹಕ್ಕಿಗಳ ಪುಸ್ತಕವೊಂದನ್ನು ತಂದು ನನ್ನ ತೊಡೆಯ ಮೇಲಿಟ್ಟಳು. ಬಣ್ಣದ ಚಿತ್ರಗಳು, ಸುತ್ತಲೂ ಅಗಲವಾದ ಖಾಲಿ ಅಂಚು. ಆ ಖಾಲಿ ಅಂಚಿನ ಮೇಲೆ ನನ್ನ ಕಣ್ಣು ನಿಂತುಬಿಟ್ಟಿತು.

ಜಮಖಂಡಿ ಇನ್ನೂ ಸಂಸ್ಥಾನವಾಗಿದ್ದ ಕಾಲ. ನಾನು ಕನ್ನಡ ನಾಲ್ಕನೇ ಇಯತ್ತೆಯಲ್ಲಿದ್ದೆ. ನಮ್ಮ ಮಾಸ್ತರರು ಜೈನರು. ತೆಳ್ಳಗೆ ಎತ್ತರವಾಗಿದ್ದರು, ನೆಲ ನೋಡಿಯೇ ಹೆಜ್ಜೆ ಇಡುತ್ತಿದ್ದರು. ಶನಿವಾರ ಅರ್ಧ ದಿನದ ಸಾಲಿ ಬಿಟ್ಟ ಮೇಲೆ ನಮ್ಮನ್ನು ಊರ ಹೊರಗಿನ ಕಪ್ಪು ಮಣ್ಣಿನ ಎರಿ ಹೊಲಗಳಿಗೆ ಕರೆದೊಯ್ಯುತ್ತಿದ್ದರು. ಮಕ್ಕಳಿಗೆಂದು ಪುಣೆಯಲ್ಲಿ ಅಚ್ಚಾದ, ಹಕ್ಕಿ ಹುಳಗಳ ಮರಾಠಿ ಪುಸ್ತಕವೊಂದು ಸಾಲಿಯಲ್ಲಿತ್ತು. ಅದನ್ನು ಧೋತರದ ತುಂಡಿನಲ್ಲಿ ಕಟ್ಟಿಕೊಂಡು ಬರುವರು. ಆದರೆ ಗಂಟು ಮೊದಲೇ ಬಿಚ್ಚುತ್ತಿರಲಿಲ್ಲ. ಮೊದಲು ನಾವು ನೋಡಬೇಕು, ಕಂಡದ್ದನ್ನು ಹೇಳಬೇಕು. ಆಮೇಲೆ ಆ ಪುಟ ತೆಗೆದು, ಕನ್ನಡ ಮಾಡಿ ಓದುವರು. ನಾವು ಕಂಡದ್ದು ಪುಸ್ತಕದಲ್ಲಿ ಇಲ್ಲದಿದ್ದರೆ ಕಂಡವನ ಹೆಸರಿನ ಸಮೇತ ಅಂಚಿನಲ್ಲಿ ಬರೆಯುವರು. ಒಬ್ಬನೇ ಕಂಡಿದ್ದರೆ ಸೀಸದ ಕಡ್ಡಿಯಿಂದ. ಇನ್ನೊಬ್ಬರು ಹೋಗಿ ನೋಡಿ ಹೌದೆಂದ ಮೇಲೆ ಮಸಿಯಿಂದ.

ಗುಬ್ಬಿ ಹುಲ್ಲಿನಿಂದ ಗೂಡು ಕಟ್ಟುತ್ತದೆಂದು ಪುಸ್ತಕದಲ್ಲಿತ್ತು. ಬನಹಟ್ಟಿಯಿಂದ ಬಂದಿದ್ದ ನೇಕಾರರ ಹುಡುಗ, "ನಮ್ಮ ಮಗ್ಗದ ಮನ್ಯಾಗ ಬರೇ ನೂಲಿಲೇ ಕಟ್ಟೈತ್ರಿ" ಅಂದ. ನಾವೆಲ್ಲ ನಕ್ಕೆವು. ಮಾಸ್ತರರು ನಗಲಿಲ್ಲ.

"ಪುಸ್ತಕ ಬರದವರು ಪುಣೇದಾಗ ಕುಂತು ಬರದಾರ. ಇಂವ ಮಗ್ಗದ ಬಾಜೂಕ ಕುಂತು ನೋಡ್ಯಾನ. ಬರೀಬೇಕಲ್ಲ?"

ಅಚ್ಚಾದ ಅಕ್ಷರಗಳ ಪಕ್ಕದಲ್ಲಿ ನಮ್ಮಂಥ ಒಬ್ಬ ಹುಡುಗನ ಹೆಸರು... ನನಗೆ ಮೈ ಜುಮ್ಮೆಂದಿತು. ತಿಂಗಳೊಪ್ಪತ್ತಿನಲ್ಲಿ ಎಲ್ಲರ ಹೆಸರೂ ಬಂದವು, ನನ್ನದೊಂದು ಬರಲಿಲ್ಲ. ನಮ್ಮದು ಚುರಮರಿ, ಅಂದರೆ ಮಂಡಕ್ಕಿಯ ಅಂಗಡಿ. "ನಿನ್ನ ಕಣ್ಣು ಚುರಮರಿ ಚೀಲದಾಗ ಬಿದ್ದಾವ ಲೇ" ಎಂದು ಹುಡುಗರು ಕಾಡುತ್ತಿದ್ದರು.

ಶ್ರಾವಣದ ಒಂದು ಶನಿವಾರ ಎರಿಭೂತ ಕಂಡಿತು. ಕಪ್ಪು ಎರಿ ನೆಲದಲ್ಲಿ ತಿರುಗುವ ಆ ದೊಡ್ಡ ಹಕ್ಕಿಗೆ ನಮ್ಮ ಕಡೆ ಅದೇ ಹೆಸರು. ಅದು ನಿಂತರೆ ನಮ್ಮ ಎದೆಮಟ್ಟ. ಮಾಸ್ತರರು ಹೊತ್ತು ಮುಳುಗುವ ಮೊದಲೇ ಊಟ ಮಾಡುವವರು, ಹಾಗಾಗಿ ನಾವು ಯಾವಾಗಲೂ ಬೇಗ ಮರಳುತ್ತಿದ್ದೆವು. ಅಂದು ಮರಳಲು ತಿರುಗಿದಾಗ, ನೆಲದೊಳಗಿಂದ ಬಂದಂತೆ ಒಂದು ಸದ್ದು. ದಿಬ್ಬದ ಮೇಲೆ ಗಂಡು ನಿಂತಿತ್ತು. ಗಂಟಲ ಚೀಲ ಬೆಳ್ಳಗೆ ಉಬ್ಬಿ ಕಾಲಿನವರೆಗೆ ಜೋತಾಡುತ್ತಿತ್ತು, ಬಾಲ ಬೆನ್ನ ಮೇಲೆ ಬಂದಿತ್ತು. ನಾವು ಹಸಿ ನೆಲದಲ್ಲಿ ಬೋರಲು ಬಿದ್ದೆವು. ಆ ಸದ್ದು ಕಿವಿಗಿಂತ ಮೊದಲು ಹೊಟ್ಟೆಗೆ ತಾಗುತ್ತಿತ್ತು. ಎಷ್ಟು ಹೊತ್ತು ಹಾಗೆ ಬಿದ್ದಿದ್ದೆವೋ... ಸೂರ್ಯ ಮುಳುಗಿದ. ಮಾಸ್ತರರ ಊಟದ ಹೊತ್ತೂ ಹೋಯಿತು. "ಇವತ್ತ ಇದ ನನ್ನ ಊಟ" ಅಂದರು, ಮೆಲ್ಲಗೆ.

ಮುಂದಿನ ಶನಿವಾರ ಅದೇ ಕಡೆ ಹೋಗಿದ್ದೆವು. ಉಚ್ಚೆಗೆಂದು ನಾನು ಜಾಲಿಗಿಡದ ಹಿಂದೆ ಹೋದೆ. ಹೆಣ್ಣು ಹಕ್ಕಿ ಎದ್ದು ಓಡಿತು. ಬರೀ ನೆಲದ ಮೇಲೆ, ಹುಲ್ಲು ಕಡ್ಡಿಯ ಆಸರೆಯೂ ಇಲ್ಲದೆ, ಒಂದು ತತ್ತಿ. ಓಡಿ ಬಂದು, ಎರಿಭೂತದ ತತ್ತಿ ಕಂಡೆ ಎಂದೆ. ಮಾಸ್ತರರು ಪುಟ ತೆಗೆದು ಓದಿದರು. ಈ ಹಕ್ಕಿ ಇಡುವುದು ಒಂದೇ ತತ್ತಿ ಎಂದಿತ್ತು.

"ನೀ ಎಷ್ಟ ಕಂಡಿ?"

ಒಂದು ಅಂದರೆ ಅಂಚಿನಲ್ಲಿ ಬರೆಯಲು ಏನೂ ಉಳಿಯುವುದಿಲ್ಲ.

"ಎರಡ್ರಿ" ಅಂದೆ.

ಉಳಿದವರು ನೋಡಲು ಎದ್ದರು. ಮಾಸ್ತರರು ಕೈ ಅಡ್ಡ ಹಿಡಿದರು. "ಬ್ಯಾಡ. ಇಷ್ಟ ಮಂದಿ ತುಳದಾಡಿದ್ರ ತಾಯಿ ತತ್ತಿ ಬಿಟ್ಟು ಹೋಗತೈತಿ. ಇವನ ಮಾತ ಸಾಕು." ಜೀವಕ್ಕೆ ತೊಂದರೆಯಾಗಬಾರದೆಂದು ಅವರು ತಾವೂ ಹೋಗಿ ನೋಡಲಿಲ್ಲ. ಸೋಮವಾರ ಸಾಲಿಯಲ್ಲಿ, ನನ್ನ ಕಣ್ಣ ಮುಂದೆಯೇ, ನನ್ನ ಹೆಸರನ್ನು ನೇರವಾಗಿ ಮಸಿಯಲ್ಲಿ ಬರೆದರು.

ಅದೇ ವಾರ ಸಾಲಿ ತಪಾಸಣೆಗೆ ಸಾಹೇಬರು ಬಂದರು. ಪುಸ್ತಕ ತಿರುವಿ ಹಾಕುತ್ತ ನನ್ನ ಹೆಸರಿನ ಪುಟದಲ್ಲಿ ನಿಂತರು. ಮಾಸ್ತರರನ್ನೂ ನನ್ನನ್ನೂ ಹೊಲಕ್ಕೆ ಕರೆದುಕೊಂಡು ಹೋಗಿ, ತಮ್ಮ ಸಿಪಾಯಿಯನ್ನು ಜಾಲಿಗಿಡದ ಹಿಂದೆ ಕಳಿಸಿದರು. ಅವನು ಬಂದು ಒಂದೇ ಬೆರಳು ತೋರಿಸಿದ.

"ಎರಡನೇದು ಎಲ್ಲೈತೋ?" ಸಾಹೇಬರು ನನ್ನನ್ನು ಕೇಳಿದರು.

"ನನಗೇನ ಗೊತ್ತಿಲ್ರಿ. ಮಾಸ್ತರ ಹಂಗ ಹೇಳು ಅಂದಾರ್ರಿ."

ಮಾಸ್ತರರು ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ, ಹೊಲದಲ್ಲಿ ಹೊಸದೊಂದು ಕಂಡಾಗ ನೋಡುತ್ತಿದ್ದ ಹಾಗೆಯೇ... ಆಮೇಲೆ ಸಾಹೇಬರ ಕಡೆ ತಿರುಗಿದರು. "ಮಸೀಲೆ ಬರದಾಂವ ನಾನ್ರಿ. ನೋಡಲಾರದ ಬರದೆ. ತಪ್ಪು ನಂದ." ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ನನ್ನ ಹೆಸರೂ ಇರಲಿಲ್ಲ.

ಸರಕಾರಿ ಪುಸ್ತಕ ಕೆಡಿಸಿದ್ದಕ್ಕೆ, ಮಕ್ಕಳಿಗೆ ಸುಳ್ಳು ಕಲಿಸಿದ್ದಕ್ಕೆ ಅವರನ್ನು ಚಿಮ್ಮಡವೆಂಬ ಹಳ್ಳಿಯ ಸಾಲಿಗೆ ವರ್ಗ ಮಾಡಿದರು. ಪುಸ್ತಕ ಕಪಾಟಿಗೆ ಹೋಗಿ ಕೀಲಿ ಬಿತ್ತು. ಶನಿವಾರದ ತಿರುಗಾಟ ನಿಂತಿತು.

ಭಾದ್ರಪದದಲ್ಲಿ ಹತ್ತು ದಿನದ ವ್ರತ ಮುಗಿದ ಮೇಲೆ ಜೈನರು ಮನೆಮನೆಗೆ ಹೋಗಿ, ತಿಳಿದೋ ತಿಳಿಯದೆಯೋ ಆದ ತಪ್ಪಿಗೆ ಕ್ಷಮೆ ಕೇಳುವ ದಿನವೊಂದಿದೆ. ಊರು ಬಿಡುವ ಮೊದಲು, ಆ ದಿನ, ಮಾಸ್ತರರು ನಮ್ಮ ಅಂಗಡಿಗೆ ಬಂದರು. ಅಪ್ಪನಿಗೆ ಕೈ ಮುಗಿದರು. ಆಮೇಲೆ ನನ್ನ ಕಡೆ ಬಾಗಿದರು.

"ತಮ್ಮಾ, ಸೀಸದ ಕಡ್ಡೀಲೆ ಬರದಿದ್ರ ಅಳಿಸಬಹುದಾಗಿತ್ತು. ಅವಸರ ಮಾಡಿ ನಿನ್ನ ಮ್ಯಾಲೆ ಭಾರ ಹೊರಿಸಿದೆ. ಕ್ಷಮಾ ಮಾಡು."

"ಏನ್ರಿ ಮಾಸ್ತರ, ಹುಡುಗಗ ಕೈ ಮುಗೀತೀರಿ" ಎಂದು ಅಪ್ಪ ನಕ್ಕ. ಅವನಿಗೆ ಏನೂ ಗೊತ್ತಿರಲಿಲ್ಲ. ನಾನು ಚುರಮರಿ ಚೀಲದಲ್ಲಿ ಕೈಯಾಡಿಸುತ್ತ ತಲೆ ತಗ್ಗಿಸಿದೆ. ನನ್ನ ಒಂದು ಮಾತು ಸಾಕಾಗಿತ್ತು... ಅವರು ಚಪ್ಪಲಿ ಮೆಟ್ಟಿಕೊಂಡು, ನೆಲ ನೋಡುತ್ತ ಹೋದರು.

ದೊಡ್ಡವನಾದ ಮೇಲೆ ಬಸ್ಸಿನಲ್ಲಿ ಎಷ್ಟೋ ಸಲ ಚಿಮ್ಮಡ ದಾಟಿದ್ದೇನೆ. ಒಮ್ಮೆಯೂ ಇಳಿಯಲಿಲ್ಲ. ಅವರು ತೀರಿಹೋದ ಸುದ್ದಿ ಬಂದ ದಿನವೂ ಮನೆಯಲ್ಲೇ ಇದ್ದೆ. ಆ ಎರಿಯಲ್ಲಿ ಈಗ ಆಳೆತ್ತರದ ಕಬ್ಬು. ಆ ಹಕ್ಕಿ ನಮ್ಮ ಸೀಮೆಯಲ್ಲಿ ಉಳಿದಿಲ್ಲ. ಅದನ್ನು ನನ್ನ ಪಕ್ಕದಲ್ಲಿ ಮಲಗಿ ನೋಡಿದ ಹುಡುಗರಲ್ಲಿ ಒಬ್ಬನೂ ಉಳಿದಿಲ್ಲ. ಕ್ಷಮೆ ಕೇಳಬೇಕಾದವನು ನಾನಾಗಿದ್ದೆ. ನಾನು ಕ್ಷಮೆ ಕೇಳದೇ ಹೋದ ಆ ಮನುಷ್ಯನ ಹೆಸರನ್ನು ಇಷ್ಟು ವರ್ಷ ಬಾಯಿಗೆ ತರಲೂ ಅಂಜಿದೆ. ಪಾಯಪ್ಪ ಮಾಸ್ತರರು.